ಚಂದ್ರಿಗೆ ಏರಿಸಿದ ಎರಡನೆಯ ಬಾಟಲಿ

ಮೊನ್ನೆ ನೀವಿಬ್ಬರೂ ಸೇರಿ ನಾಯಿಮರಿಗೆ ಜಂತಿನ ಔಷಧ ಕುಡಿಸಿದಿರಲ್ಲ, ಆಗ ನಾನು ಕಟ್ಟೆಯ ಮೇಲೆ ಕೂತು ನೋಡುತ್ತಿದ್ದೆ. ಮರಿಯ ಹೊಟ್ಟೆಗಿಂತ ನಿಮ್ಮ ಅಂಗಿಗೇ ಹೆಚ್ಚು ಔಷಧ ಹೋಯಿತು. ಆ ಬಿಳಿ ಔಷಧಕ್ಕೆ ಒಂದು ವಾಸನೆ ಇದೆ. ಸಿಹಿಯೂ ಅಲ್ಲ, ಸುಣ್ಣವೂ ಅಲ್ಲ, ಎರಡರ ನಡುವಿನದು. ಅದು ಮೂಗಿಗೆ ತಾಗಿದ್ದೇ ತಡ, ಈ ದಾಂಡೇಲಿಯ ಮನೆ, ಕಾರ್ಖಾನೆಯ ಪಾಳಿ ಬದಲಾಗುವ ಸೈರನ್ನು, ನಿಮ್ಮ ಗಲಾಟೆ ಎಲ್ಲ ಒಂದು ತೆಳುವಾದ ಪರದೆಯ ಆಚೆಗೆ ಸರಿದ ಹಾಗಾಯಿತು. "ಅಜ್ಜಿ ಕೂತಲ್ಲೇ ನಿದ್ದಿ ಹೋಗ್ಯಾಳ" ಎಂದು ನೀವು ನಕ್ಕಿರಿ. ನಿದ್ದೆಯಲ್ಲ ಮಕ್ಕಳೇ. ನಾನು ಹಳಿಯಾಳದ ಹತ್ತಿರದ ನಮ್ಮ ಹಳ್ಳಿಯ ದನದ ಮನೆಯಲ್ಲಿದ್ದೆ.

ಅದನ್ನೆಲ್ಲ ಆಗಲೇ ಹೇಳಬಹುದಿತ್ತು. ಆದರೆ ಬಾಯಿಂದ ಹೇಳುವುದು ನನಗೆ ಬರುವುದಿಲ್ಲ. ನಾಲ್ಕು ಜನ ನನ್ನ ಮುಖ ನೋಡಿದರೆ ಮಾತು ಗಂಟಲಿನಲ್ಲೇ ಕುಕ್ಕರಗಾಲಲ್ಲಿ ಕೂತುಬಿಡುತ್ತದೆ. ಹಾಳೆ ಹಾಗಲ್ಲ, ಅದು ಮುಖ ನೋಡುವುದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ. ಕಲಿತದ್ದು ಊರ ಸಾಲೆಯಲ್ಲಿ ಏಳನೆಯ ಇಯತ್ತೆಯವರೆಗೆ. ತಪ್ಪಿದ್ದಲ್ಲಿ ನೀವೇ ತಿದ್ದಿಕೊಳ್ಳಿ.

ನನ್ನ ತವರು ಮುಂಡಗೋಡದ ಕಡೆ. ಅಪ್ಪನಿಗೆ ಆರೇಳು ಎಮ್ಮೆ. ಒಂದು ವರ್ಷ ಊರಿಗೆಲ್ಲ ಕಾಲುಬಾಯಿ ಜ್ವರ ಬಂತು. ದನಗಳ ಬಾಯಲ್ಲಿ ಹುಣ್ಣು, ಗೊರಸಿನ ಸಂದಿನಲ್ಲಿ ಹುಣ್ಣು. ಅಪ್ಪ ಎಲ್ಲಿಂದಲೋ ಒಂದು ಪುಡಿಕೆ ತಂದ. ಒಳಗೆ ಕಪ್ಪು ಕಲ್ಲುಸಕ್ಕರೆಯಂಥ ಹರಳು. ಒಂದು ಚಿಟಿಕೆ ಬಕೆಟ್ಟಿಗೆ ಬಿದ್ದರೆ ಸಾಕು, ತಳದಿಂದ ನೇರಳೆ ಬಣ್ಣದ ಎಳೆಗಳು ಹೊಗೆಯ ಹಾಗೆ ಮೇಲೇಳುತ್ತಿದ್ದವು. ನೋಡುತ್ತ ನೋಡುತ್ತ ನೀರೆಲ್ಲ ನೇರಳೆ ಹಣ್ಣಿನ ಬಣ್ಣ. ಆ ನೀರಿನಿಂದ ಎಮ್ಮೆಗಳ ಕಾಲು ತೊಳೆಯುವ ಕೆಲಸ ನನ್ನದು. ಹುಣ್ಣಿನ ಕೀವು ಕಡಿಮೆಯಾಗಿ, ನೊಣ ಕೂಡುವುದು ನಿಂತು, ವಾರದೊಳಗೆ ಅವು ನೆಟ್ಟಗೆ ಹೆಜ್ಜೆ ಇಡುತ್ತಿದ್ದವು. ನನ್ನ ಕೈ ಮಾತ್ರ ಸುಟ್ಟ ರೊಟ್ಟಿಯ ಹಾಗೆ ಕಂದಾಗಿ ಹೋಗಿತ್ತು. ಸಾಲೆಯಲ್ಲಿ ಮಾಸ್ತರರು ನೋಡಿ, "ಏನ ಇದು? ಏನ ಬ್ಯಾನಿ ಬಂದೈತಿ?" ಎಂದರು. ಔಷಧದ ಬಣ್ಣ ಎಂದು ಹೇಳಿದರೆ ಮುಗಿಯುತ್ತಿತ್ತು. ಹೇಳಲಿಲ್ಲ. ಅಂಟುರೋಗವೇ ಇರಬೇಕೆಂದು ಅವರು ನನ್ನನ್ನು ಮೂರು ದಿನ ಮೂಲೆಯಲ್ಲಿ ಒಬ್ಬಳನ್ನೇ ಕೂರಿಸಿದರು. ನನಗೇನೂ ಬೇಜಾರಾಗಲಿಲ್ಲ. ಮೂಲೆಯಲ್ಲಿ ಕಿಟಕಿ ಇತ್ತು.

ಔಷಧ ಕುಡಿಸುವ ಬಿದಿರಿನ ಗೊಟ್ಟವನ್ನು ನೀವು ನೋಡಿಲ್ಲ. ಒಂದು ಗೆಣ್ಣು ಬಿದಿರನ್ನು ಓರೆಯಾಗಿ ಕೊಯ್ದು, ಬಾಯಿಗೆ ಚುಚ್ಚದ ಹಾಗೆ ನಯ ಮಾಡಿದ ಕೊಳವೆ. ಅಪ್ಪ ಎಮ್ಮೆಯ ತಲೆ ಹಿಡಿದು, "ಮೂಗು ಕಣ್ಣಿನ ಮಟ್ಟ ದಾಟಬಾರದವಾ. ದಾಟಿತಂದ್ರ ಔಷಧ ಹೊಟ್ಟಿಗೆ ಹೋಗೂದಿಲ್ಲ, ಪುಪ್ಪಸಕ್ಕ ಹೋಗತೈತಿ" ಅನ್ನುತ್ತಿದ್ದ. ಹೊಟ್ಟೆಯುಬ್ಬರಕ್ಕೆ ಶೇಂಗಾ ಎಣ್ಣೆಯಲ್ಲಿ ಟರ್ಪಂಟೈನು ಬೆರೆಸಿ ಕುಡಿಸುತ್ತಿದ್ದರು. ಹೊಟ್ಟೆಯೊಳಗಿನ ನೊರೆ ಒಡೆದು ಎಮ್ಮೆ ಒಂದು ದೊಡ್ಡ ತೇಗು ತೇಗಿದರೆ ಮನೆಯವರೆಲ್ಲ ತಾವೇ ತೇಗಿದ ಹಾಗೆ ಹಗುರಾಗುತ್ತಿದ್ದರು. ಆದರೆ ಅಂದಿನ ಸಂಜೆಯ ಹಾಲಿಗೂ ಅದೇ ವಾಸನೆ. ಚಹಾ ಕುಡಿದರೆ ಹೊಸದಾಗಿ ಬಣ್ಣ ಬಳಿದ ಬಾಗಿಲನ್ನು ನೆಕ್ಕಿದ ಹಾಗೆ ಇರುತ್ತಿತ್ತು.

ಲಗ್ನವಾದಾಗ ಅಪ್ಪ ನನ್ನೊಂದಿಗೆ ಒಂದು ಮಣಕವನ್ನು ಕಳಿಸಿದ. ಮಣಕ ಅಂದರೆ ಇನ್ನೂ ಈಯದ ಎಳೆ ಎಮ್ಮೆ. ಹಣೆಯ ಮೇಲೆ ಕಾಸಗಲ ಬಿಳಿ ಚುಕ್ಕೆ, ಅದಕ್ಕೇ ಹೆಸರು ಚಂದ್ರಿ. ನಾನು ಬಸ್ಸಿನಲ್ಲಿ ಬಂದೆ. ಅವಳು ಕಲಘಟಗಿಯ ಮೇಲೆ ಹಾದು ಮೂರು ದಿನ ನಡೆದು ಬಂದಳು. ಬಂದವಳು ಅಂಗಳದಲ್ಲಿ ನಿಂತು ಯಾರ ಕೈಯ ನೀರನ್ನೂ ಕುಡಿಯಲಿಲ್ಲ. ನಾನು ಸೆರಗು ಮುಂದೆ ಎಳೆದುಕೊಂಡು ಹೋಗಿ ಕೊಡ ಹಿಡಿದಾಗ ಕುಡಿದಳು. ಆ ಮನೆಯಲ್ಲಿ ನನ್ನ ಮೊದಲಿನ ಬದುಕನ್ನು ಬಲ್ಲವಳು ಅವಳೊಬ್ಬಳೇ. ಹಾಲು ಹಿಂಡುವಾಗ ಅವಳ ಹೊಟ್ಟೆಗೆ ಹಣೆಯಿಟ್ಟು, ಯಾರಿಗೂ ಕೇಳದ ಹಾಗೆ, ದಿನದ್ದೆಲ್ಲ ಅವಳಿಗೆ ಹೇಳುತ್ತಿದ್ದೆ. ಗಂಡನ ಮನೆಯಲ್ಲಿ ನನ್ನ ದನಿಯನ್ನು ಪೂರ್ತಿ ಕೇಳಿದವಳೂ ಅವಳೇ. ನಿಮ್ಮಜ್ಜ ಆಮೇಲೆ.

ನಮ್ಮ ಮಾವನವರ ಬಗ್ಗೆ ಹೇಳಬೇಕು. ಅವರು ಕಾಮಣಿಗೆ ಹಳ್ಳಿಯ ಗಾಂವಠಿ ಔಷಧ ಕೊಡುತ್ತಿದ್ದರು. ಕಣ್ಣು ಹಳದಿಯಾದವರು ರವಿವಾರ ಬೆಳಿಗ್ಗೆ ಉಪವಾಸ ಬರಬೇಕು. ಮಾವನವರು ಕತ್ತಲಿರುವಾಗಲೇ ಕಾಡಂಚಿಗೆ ಹೋಗಿ ಸೊಪ್ಪು ತಂದು, ಬಾಗಿಲು ಹಾಕಿಕೊಂಡು ಅರೆದು, ಮಜ್ಜಿಗೆಯಲ್ಲಿ ಕೊಡುತ್ತಿದ್ದರು. ಯಾವ ಸೊಪ್ಪು ಎಂದು ಹೆಂಡತಿಗೂ ಹೇಳಿರಲಿಲ್ಲ. "ಔಷಧದ ಹೆಸರು ಬಾಯಿಂದ ಹೊರಗ ಬಿದ್ರ ಅದರ ಗುಣಾ ಹೋಗತೈತಿ" ಎಂಬುದು ಅವರ ತಂದೆ ಹೇಳಿದ ಮಾತು. ಅದನ್ನು ಅವರು ಎಲ್ಲ ಔಷಧಕ್ಕೂ ಹಚ್ಚುತ್ತಿದ್ದರು. ತಲೆನೋವಿಗೆ ಹಳಿಯಾಳದ ಅಂಗಡಿಯಲ್ಲಿ ಕೊಂಡ ಗುಳಿಗೆಯನ್ನು ಕೂಡ ಗೋಡೆಯ ಕಡೆ ಮುಖ ಮಾಡಿ ನುಂಗುತ್ತಿದ್ದರು. ಅತ್ತೆ ನನ್ನ ಕಿವಿಯಲ್ಲಿ, "ನೋಡವಾ, ನಿಮ್ಮ ಮಾವ ಗ್ವಾಡಿಗೂ ತೋರಿಸೂದಿಲ್ಲ, ಕಣ್ಣ ಮುಚ್ಕೊಂಡ ನುಂಗತಾರ" ಅನ್ನುತ್ತಿದ್ದರು.

ಲಗ್ನವಾದ ಮೂರನೆಯ ವರ್ಷ ಚಂದ್ರಿ ಎರಡನೆಯ ಸಲ ಈದಳು. ಛಳಿಗಾಲ. ಬೆಳಿಗ್ಗೆ ಮಂಜು ಎಷ್ಟಿತ್ತೆಂದರೆ ದನದ ಮನೆಯ ಬಾಗಿಲಲ್ಲಿ ನಿಂತರೆ ಬಾವಿಯ ಗಡಗಡೆ ಕಾಣುತ್ತಿರಲಿಲ್ಲ, ಸದ್ದು ಮಾತ್ರ ಕೇಳುತ್ತಿತ್ತು. ಕರು ಚೆನ್ನಾಗಿ ಎದ್ದು ನಿಂತಿತ್ತು. ತಾಯಿ ಮಾತ್ರ ಮಲಗಿದವಳು ಏಳಲಿಲ್ಲ. ಕುತ್ತಿಗೆಯನ್ನು ಹೊಟ್ಟೆಯ ಕಡೆ ತಿರುಗಿಸಿ, ಕಣ್ಣು ಅರ್ಧ ಮುಚ್ಚಿ, ಎಲ್ಲಿಯೋ ದೂರದ ಊರನ್ನು ನೋಡುತ್ತಿರುವವಳ ಹಾಗೆ ಬಿದ್ದಿದ್ದಳು. ಕಿವಿ ಮುಟ್ಟಿದೆ, ಬಾವಿಯ ಕಲ್ಲಿನಷ್ಟು ತಣ್ಣಗೆ.

ಅದಕ್ಕೆ ಹಾಲುಜ್ವರ ಅನ್ನುತ್ತಾರೆ. ಹೆಸರಿಗೆ ಜ್ವರ, ಮೈಯಲ್ಲಿ ಬಿಸಿಯೇ ಇರುವುದಿಲ್ಲ. ಈದ ಮೇಲೆ ಮೈಯೊಳಗಿನ ಸುಣ್ಣದ ಸತ್ವವೆಲ್ಲ ಒಮ್ಮೆಲೇ ಹಾಲಿಗೆ ಇಳಿದು, ಎಮ್ಮೆಯ ಕೈಕಾಲಿನ ಕಸುವು ಹೋಗುತ್ತದೆ. ಕ್ಯಾಲ್ಸಿಯಮ್ಮಿನ ಒಂದು ಬಾಟಲಿ ನರಕ್ಕೆ ಏರಿಸಿದರೆ ಸತ್ತಂತೆ ಬಿದ್ದದ್ದು ಎದ್ದು ಮೇಯಲು ಹೋಗುತ್ತದೆ. ದನದ ಔಷಧಗಳಲ್ಲಿ ಅಷ್ಟು ಬೇಗ ಪವಾಡ ಮಾಡುವುದು ಇನ್ನೊಂದಿಲ್ಲ. ಆದರೆ ಅದನ್ನು ನಿಧಾನ ಏರಿಸಬೇಕು. ಅವಸರ ಮಾಡಿದರೆ, ಇಲ್ಲವೇ ಹೆಚ್ಚಾದರೆ, ಎಬ್ಬಿಸಿ ನಿಲ್ಲಿಸುವ ಆ ಸತ್ವವೇ ಎದೆಯನ್ನು ನಿಲ್ಲಿಸಿಬಿಡುತ್ತದೆ. ಇದೆಲ್ಲ ನನಗೆ ಆಮೇಲೆ ತಿಳಿದದ್ದು.

ನಮ್ಮೂರಲ್ಲಿ ಸೂಜಿ ಫಕೀರಪ್ಪ ಎಂಬವನೊಬ್ಬನಿದ್ದ. ಹಿಂದೆ ಯಾವುದೋ ಡಾಕ್ಟರರ ಹತ್ತಿರ ಚೀಲ ಹೊತ್ತು ತಿರುಗಿ, ಸೂಜಿ ಚುಚ್ಚುವುದನ್ನು ಕಲಿತಿದ್ದ. ಮಾವನವರು ಮೊದಲು ಅವನನ್ನೇ ಕರೆಸಿದರು. ಅವನು ಬಾಟಲಿಯನ್ನು ಎತ್ತಿ ಹಿಡಿದು, ನಾನು ಚಹಾ ಸೋಸಿ ತರುವಷ್ಟರಲ್ಲಿ ಪೂರ್ತಿ ಚಂದ್ರಿಯ ಕುತ್ತಿಗೆಯ ನರಕ್ಕೆ ಇಳಿಸಿಬಿಟ್ಟಿದ್ದ. "ಈಗ ನೋಡ್ರಿ, ಕುಣೀತಾಳ" ಎಂದು ಚಹಾ ಕುಡಿದು ಹೋದ. ಚಂದ್ರಿ ಮುಂಗಾಲು ಊರಿ ಅರ್ಧ ಎದ್ದಳು, ನಡುಗಿದಳು, ಮತ್ತೆ ಕುಸಿದಳು. ಮಂಜು ಕರಗುವ ಮೊದಲೇ, ಮೊದಲಿಗಿಂತ ಸುಸ್ತಾಗಿದ್ದಳು. ಆಗ ನಿಮ್ಮಜ್ಜ ಸೈಕಲ್ ಏರಿ ಹಳಿಯಾಳಕ್ಕೆ ದನದ ಡಾಕ್ಟರರನ್ನು ಕರೆತರಲು ಹೊರಟರು. ಮಾವನವರು ಖಾಲಿ ಬಾಟಲಿಯನ್ನು ನನ್ನ ಕೈಗೆ ಕೊಟ್ಟು, "ಹೊಟ್ಟಿನ ಡಬ್ಬ್ಯಾಗ ಮುಚ್ಚಿಡು. ಡಾಕ್ಟರ ಮುಂದ ಫಕೀರಪ್ಪನ ಮಾತು ಯಾರೂ ಎತ್ತಬಾರದು" ಎಂದರು. ನಾನು ಗೋಣು ಹಾಕಿ, ದನಕ್ಕೆ ಹಾಕುವ ಹೊಟ್ಟಿನೊಳಗೆ ಮುಚ್ಚಿಟ್ಟೆ.

ಡಾಕ್ಟರರು ಫಟಫಟಿಯ ಮೇಲೆ ಬಂದರು. ವಯಸ್ಸು ಚಿಕ್ಕದು, ಮುಖದಲ್ಲಿ ಸದಾ ಒಂದು ನಗೆ. ಅಂದು ಅವರ ಕಂಪೌಂಡರ ಬಂದಿರಲಿಲ್ಲ. ಚಂದ್ರಿಯನ್ನು ನೋಡಿದ್ದೇ ಅವರೂ ಚೀಲದಿಂದ ಒಂದು ಬಾಟಲಿ ತೆಗೆದರು. ಅದೇ ಬಣ್ಣದ ಚೀಟಿ, ಅದೇ ಅಕ್ಷರ. ನನಗೆ ಇಂಗ್ಲಿಷು ಓದಲು ಬಾರದಿದ್ದರೂ ಒಂದೇ ಥರದ ಎರಡು ಚೀಟಿ ಗುರುತಿಸಲು ಏಳನೆಯ ಇಯತ್ತೆ ಸಾಕು. ನಾನು ಬಾಗಿಲಲ್ಲಿ ನಿಂತಿದ್ದೆ. ಮಾವನವರ ಮುಖ ನೋಡಿದೆ. ಅವರು ಆಗಲೇ ಬಾಟಲಿ ಎತ್ತಿ ಹಿಡಿದು, ದೇವರ ಮುಂದೆ ಆರತಿ ಹಿಡಿದವರ ಹಾಗೆ ನಿಂತಿದ್ದರು. ನಿಮ್ಮಜ್ಜ ಚಂದ್ರಿಯ ತಲೆ ಹಿಡಿದಿದ್ದರು. ಡಾಕ್ಟರರ ಎರಡೂ ಕೈ ಸೂಜಿ ಮತ್ತು ನಳಿಕೆಯ ಹತ್ತಿರ.

"ಯಾರರೆ ಒಬ್ಬರು ಇದನ್ನ ಕಿವಿಗೆ ಹಾಕ್ಕೊಂಡು ಎಮ್ಮಿ ಎದಿ ಬಡಿತಾ ಕೇಳ್ರಿ" ಎಂದು ಅವರು ಕೊರಳಲ್ಲಿದ್ದ ಸ್ಟೆತಾಸ್ಕೋಪಿನ ಕಡೆ ಗದ್ದ ತೋರಿಸಿದರು.

"ನನಗ ಗುಡಿ ಗಂಟೀನೇ ಕೇಳಸೂದಿಲ್ರಿ" ಎಂದರು ಮಾವ.

"ಯವ್ವಾ, ನಾ ಒಲ್ಲೆ" ಎಂದರು ಅತ್ತೆ. "ಅದು ಒಳಗಿಂದೊಳಗ ನನ್ನ ಬೈತಿದ್ರ?"

"ಅಲ್ಲಿ ಬಾಗಲದಾಗ ತಂಗಿ ನಿಂತಾರಲ್ಲ."

"ಅಕಿನಾ? ಅಕಿ ಬಾಯಿ ಬಿಡೂದಿಲ್ರಿ ಸಾಹೇಬ್ರ. ಲಗ್ನಾಗಿ ಮೂರ ವರ್ಷಾತು, ಅಕಿ ದನಿ ನಾವೂ ನೆಟ್ಟಗ ಕೇಳಿಲ್ಲ" ಎಂದರು ಅತ್ತೆ.

ಡಾಕ್ಟರರು ನಕ್ಕರು. "ನನಗ ಬಾಯಿ ಬ್ಯಾಡ್ರಿ. ಬೆರಳು ಅದಾವಿಲ್ಲೋ? ಭಜನ್ಯಾಗ ತಾಳಾ ಹಾಕ್ತಾರಲ್ಲ, ಹಂಗ ಅದರ ಎದಿ ಬಡಿದಂಗ ಮೈಮ್ಯಾಲ ಬೆರಳು ಬಡೀರಿ. ನಾ ನಿಮ್ಮ ಬೆರಳು ನೋಡ್ಕೊಂತ ಔಷಧಾ ಬಿಡ್ತೀನಿ."

ನಾನು ಹೋಗಿ ಕೂತೆ. ಅತ್ತೆ ಅದನ್ನು ಅವರ ಕೊರಳಿಂದ ತೆಗೆದು ನನ್ನ ಸೆರಗಿನೊಳಗೆ ಕಿವಿಗೆ ಹಾಕಿದರು. ಡಾಕ್ಟರರು ತೋರಿಸಿದ ಜಾಗ, ಎಡ ಮುಂಗಾಲಿನ ಹಿಂದೆ, ಅದರ ಬಿಲ್ಲೆ ಇಟ್ಟೆ.

ಮಕ್ಕಳೇ, ಆ ಹೊತ್ತನ್ನು ಹೇಗೆ ಹೇಳಲಿ. ಹೊರಗಿನ ಸದ್ದೆಲ್ಲ ನಿಂತುಹೋಯಿತು. ಮಂಜಿನ ಒಳಗೆ ಇನ್ನೊಂದು ಮಂಜು. ಅದರ ತಳದಲ್ಲಿ ಎಲ್ಲಿಯೋ ಯಾರೋ ಒಬ್ಬಳು ತೊಯ್ದ ಬಟ್ಟೆಯನ್ನು ಕಲ್ಲಿಗೆ ಬಡಿಯುತ್ತಿದ್ದಳು, ಬಹಳ ಅವಸರದಲ್ಲಿ, ಬಹಳ ಮೆಲ್ಲಗೆ. ನಮ್ಮ ತವರೂರಿನ ಕೆರೆಯ ದಂಡೆಯೇ ಅದು ಎಂದು ನನಗೆ ಅನ್ನಿಸಿತು. ಮೂರು ವರ್ಷ ಅವಳ ಹೊಟ್ಟೆಗೆ ಹಣೆಯಿಟ್ಟು ನಾನೇ ಮಾತಾಡಿದ್ದೆ. ಅಂದು ಅವಳು ಹೇಳುವುದನ್ನು ನಾನು ಕೇಳುತ್ತಿದ್ದೆ. ಬೆರಳು ತಾನಾಗಿಯೇ ಬಡಿಯತೊಡಗಿತು. ಔಷಧ ಇಳಿದಂತೆ ಆ ಬಟ್ಟೆ ಒಗೆಯುವವಳ ಅವಸರ ಕಡಿಮೆಯಾಯಿತು. ಹೊಡೆತ ನಿಧಾನವಾಯಿತು, ದೊಡ್ಡದಾಯಿತು. ಡಾಕ್ಟರರು ತಲೆದೂಗಿದ್ದು ಕಂಡಿತು.

ಆಮೇಲೆ ಎರಡು ಹೊಡೆತ ಒಂದರ ಮೇಲೊಂದು ಬಿದ್ದವು. ಒಂದು ಖಾಲಿ. ಮತ್ತೆ ಒಂದು, ಎಡವಿದ ಹಾಗೆ. ನನ್ನ ಬೆರಳು ನಿಂತಿತು.

ಡಾಕ್ಟರರು ಥಟ್ಟನೆ ನಳಿಕೆ ಮಡಚಿ ಹಿಡಿದರು. ನಾನು ಕೇಳುತ್ತಲೇ ಇದ್ದೆ. ಸ್ವಲ್ಪ ಹೊತ್ತಿಗೆ ತಾಳ ಕೂಡಿಬಂತು. ಅವರು ನಳಿಕೆ ಸಡಿಲ ಬಿಟ್ಟರು. ಹತ್ತು ಹೊಡೆತವೂ ಆಗಿರಲಿಲ್ಲ, ಮತ್ತೆ ಎಡವಿತು.

"ಇಷ್ಟ ಲಗೂ ಹಿಂಗ ಆಗಬಾರದಲ್ಲ" ಎಂದು ಅವರು ಮಾವನವರ ಕಡೆ ನೋಡಿದರು. ಈ ಸಲ ಮುಖದಲ್ಲಿ ನಗೆ ಇರಲಿಲ್ಲ. ದನಿಯೂ ಏರಿತ್ತು; ನನ್ನ ಕಿವಿ ಮುಚ್ಚಿದ್ದರೂ ಕೇಳಿಸಿತು. "ಅಜ್ಜಾರ, ಇದಕ್ಕೂ ಮೊದಲ ಏನರೆ ಔಷಧಾ ಬಿದ್ದೈತೇನು?"

"ಏನೂ ಇಲ್ರಿ. ನಿಮ್ಮ ಕೈದೇ ಮೊದಲನೇದು" ಎಂದರು ಮಾವ.

ಅತ್ತೆ ಕರುವಿನ ಮೈ ಒರೆಸತೊಡಗಿದರು. ನಿಮ್ಮಜ್ಜ ಚಂದ್ರಿಯ ಕಿವಿಯನ್ನೇ ನೋಡುತ್ತಿದ್ದರು. ಅವರು ಸುಳ್ಳಿನವರಲ್ಲ, ಆದರೆ ತಂದೆಯ ಮಾತಿನ ಮೇಲೆ ಮಾತಾಡಿದವರೂ ಅಲ್ಲ.

"ಹಂಗಾದ್ರ ಇದಕ್ಕ ಇನ್ನೂ ಬೇಕಾಗೈತಿ. ತೀರ ಸಣ್ಣಕ ಬಿಡತೀನಿ" ಎಂದು ಡಾಕ್ಟರರು ನಳಿಕೆಯ ಮೇಲಿನ ಬೆರಳನ್ನು ಸಡಿಲಿಸಹೊರಟರು.

ಎದೆಯ ಬಡಿತವನ್ನು ಬೆರಳು ಹೇಳುತ್ತದೆ. ಹೊಟ್ಟಿನ ಡಬ್ಬಿಯಲ್ಲಿ ಏನಿದೆ ಎಂದು ಬೆರಳು ಹೇಳಲಾರದು. ನನ್ನ ಗಂಟಲಿನಲ್ಲಿ ಕುಕ್ಕರಗಾಲಲ್ಲಿ ಕೂತದ್ದು ಹೇಗೆ ಎದ್ದಿತೋ ನನಗೆ ಗೊತ್ತಿಲ್ಲ.

"ಬ್ಯಾಡ್ರಿ!"

ಕಿವಿ ಮುಚ್ಚಿತ್ತಲ್ಲ, ಎಷ್ಟು ಜೋರಾಗಿ ಕೂಗಿದೆನೆಂದು ನನಗೆ ತಿಳಿಯಲಿಲ್ಲ. ಮಲಗಿದ್ದ ಕರು ಎದ್ದು ನಿಂತಿತು. ಅತ್ತೆ "ಶಿವನೇ" ಎಂದರು. ಕಿವಿಯದ್ದನ್ನು ಕಿತ್ತು, ಹೋಗಿ ಹೊಟ್ಟಿನ ಡಬ್ಬಿಯಲ್ಲಿ ಮೊಳಕೈವರೆಗೂ ಕೈ ಹಾಕಿ, ಆ ಬಾಟಲಿ ತಂದು ಡಾಕ್ಟರರ ಮುಂದೆ ಇಟ್ಟೆ. "ಮುಂಜಾನೆ ಕೊಟ್ಟೇವ್ರಿ. ಪೂರಾ ಬಾಟ್ಲಿ. ಚಹಾ ಕಾಸೂದ್ರಾಗ ಮುಗಿಸಿದ್ರು." ಸೆರಗು ಯಾವಾಗ ಜಾರಿತ್ತೋ ಅದೂ ನನಗೆ ಗೊತ್ತಿಲ್ಲ.

ಡಾಕ್ಟರರು ಸೂಜಿ ಎಳೆದರು. ಮಾವನವರು ಬಾಟಲಿಯನ್ನು ಇನ್ನೂ ಎತ್ತಿ ಹಿಡಿದೇ ನಿಂತಿದ್ದರು.

"ನಾ ಬೈತೀನಂತ ಮುಚ್ಚಿಟ್ರೇನ್ರಿ ಅಜ್ಜಾರ?"

"ಸೂಜಿ ಚುಚ್ಚಿದಾಂವಗ ಅಂಜಿ ಅಲ್ರಿ, ನಿಮಗ ಅಂಜಿನೂ ಅಲ್ಲ. ಹೆಸರ ಹೇಳಿದ್ರ ಔಷಧದ ಗುಣಾ ಹೋಗತೈತ್ರಿ." ಮಾವನವರು ಅದನ್ನು ನಂಬಿ ಹೇಳಿದ್ದು, ಅದನ್ನು ನೀವು ಮರೆಯಬಾರದು.

ಡಾಕ್ಟರರು ಆ ಖಾಲಿ ಬಾಟಲಿಯನ್ನು ಕೈಗೆತ್ತಿಕೊಂಡು, "ಗುಣಾ ಎಲ್ಲೂ ಹೋಗಿಲ್ರಿ. ಇನ್ನೂ ಅದರ ರಗತದಾಗನ ಐತಿ. ತ್ರಾಸ ಆಗಿದ್ದ ಅದಕ್ಕ" ಎಂದರು.

ಅವರು ಹೋಗಲಿಲ್ಲ. ಸ್ಟೆತಾಸ್ಕೋಪು ತಾವೇ ಹಾಕಿಕೊಂಡು ಬಹಳ ಹೊತ್ತು ಕೂತರು. ಎದೆ ಹದಕ್ಕೆ ಬಂದ ಮೇಲೆ ಬೇರೊಂದು ಸೂಜಿ ಕೊಟ್ಟರು. ಸುಣ್ಣ ಸಾಕಾದರೂ ಕೆಲವು ಎಮ್ಮೆ ರಂಜಕದ ಕೊರತೆಯಿಂದ ಏಳುವುದಿಲ್ಲವಂತೆ. ಮಂಜು ಪೂರ್ತಿ ಕರಗಿ, ಮಧ್ಯಾಹ್ನದ ಬಿಸಿಲು ದನದ ಮನೆಯ ಹೊಸ್ತಿಲು ದಾಟಿದಾಗ ಚಂದ್ರಿಯ ಮೂಗಿನ ಮೇಲೆ ಸಣ್ಣ ಸಣ್ಣ ಬೆವರ ಹನಿ ಮೂಡಿದವು. ತೇಗಿದಳು. ಸೆಗಣಿ ಹಾಕಿದಳು. ಆ ಸೆಗಣಿಯನ್ನು ನೋಡಿ ನಾವೆಲ್ಲ ಪ್ರಸಾದ ಸಿಕ್ಕವರ ಹಾಗೆ ನಿಂತೆವು. ಆಮೇಲೆ ಹಿಂಗಾಲು, ಮುಂಗಾಲು, ನಡುಗುತ್ತ ನಡುಗುತ್ತ ಎದ್ದು ನಿಂತು, ದೂರದ ಊರಿಂದ ಆಗಷ್ಟೇ ಬಂದವಳ ಹಾಗೆ ನಮ್ಮನ್ನೆಲ್ಲ ಒಬ್ಬೊಬ್ಬರನ್ನಾಗಿ ನೋಡಿದಳು.

ಮೂರನೆಯ ದಿನ ಓಣಿಗೆಲ್ಲ ಗಿಣ್ಣ ಹಂಚಲು ಹೋದೆ. ಹೆಂಗಸರು ಗಿಣ್ಣಕ್ಕಿಂತ ನನ್ನನ್ನೇ ನೋಡಿದರು. "ಏನ್ ಡಾಕ್ಟರೀಣಬಾಯಿ, ನಮ್ಮ ಆಡು ಕೆಮ್ಮಾಕತ್ತೈತಿ, ಒಂದೀಟು ತಾಳಾ ಹಾಕಿ ನೋಡ್ರಿ" ಎಂದಳು ಒಬ್ಬಳು. ಮಾವನವರು ಮಾತ್ರ ನನ್ನ ಕೂಡ ಮಾತು ಬಿಟ್ಟರು. ಮೊದಲೂ ಅವರು ನನ್ನ ಕೂಡ ಹೆಚ್ಚು ಮಾತಾಡುತ್ತಿರಲಿಲ್ಲ. ನಾನಂತೂ ಆಡುತ್ತಲೇ ಇರಲಿಲ್ಲ. ಹಾಗಾಗಿ ಮಾತು ಬಿಟ್ಟಿದ್ದಾರೆ ಎಂಬುದು ನನಗೆ ತಿಳಿಯಲು ಎಂಟು ದಿನ ಬೇಕಾಯಿತು. ಅದೂ ಅತ್ತೆಯೇ ಹೇಳಿದ್ದು.

ಆಮೇಲಿನ ವರ್ಷಗಳಲ್ಲಿ ಔಷಧಗಳ ಇಂಥ ಗುಟ್ಟುಗಳು ಒಂದೊಂದಾಗಿ ನನಗೆ ತಿಳಿಯುತ್ತ ಬಂದವು. ಒಮ್ಮೆ ಚಂದ್ರಿಯ ಕೆಚ್ಚಲು ಬಾತು, ಮೊಲೆಯೊಳಗೆ ಔಷಧದ ಟ್ಯೂಬು ಏರಿಸಿದರು. ಮೂರು ನಾಲ್ಕು ದಿನ ಹಾಲು ಬಳಸಬೇಡಿ ಎಂದರು. ಹಾಲು ಚೆಲ್ಲುವುದೆಂದರೆ ಅತ್ತೆಗೆ ಮನೆಯ ಲಕ್ಷ್ಮಿಯನ್ನು ಹೊರಗೆ ಹಾಕಿದ ಹಾಗೆ. ಗುಟ್ಟಾಗಿ ಹೆಪ್ಪು ಹಾಕಿದರು. ಬೆಳಿಗ್ಗೆ ನೋಡಿದರೆ ಹಾಲು ಹಾಲಾಗಿಯೇ ಇದೆ! ಹೆಪ್ಪಿನ ಜೀವವನ್ನೂ ಆ ಔಷಧ ಕೊಂದಿತ್ತು. ಅತ್ತೆ ಗಡಿಗೆಯ ಮುಂದೆ ಕೂತು, "ಎಮ್ಮಿಗೆ ಕೊಟ್ಟದ್ದು ಗಡಿಗ್ಯಾಗ ಬಂದು ಕುಂತೈತಲ್ಲವಾ" ಎಂದು ಬೆರಗಾದರು. ಗೂಳಿಯೊಂದಕ್ಕೆ ಕೋಡು ಕತ್ತರಿಸಲು ಮಂಪರಿನ ಸೂಜಿ ಕೊಟ್ಟದ್ದನ್ನೂ ನೋಡಿದ್ದೇನೆ. ಊರನ್ನೆಲ್ಲ ಅಟ್ಟಿಸಿಕೊಂಡು ಹೋಗುತ್ತಿದ್ದ ಅದರ ಕೆಳತುಟಿ ಜೋತುಬಿದ್ದು, ಜೊಲ್ಲು ಸುರಿದು, ಕಣ್ಣಲ್ಲಿ ಹಸುಗೂಸಿನ ನೋಟ. ಅದು ಏನು ಕನಸು ಕಾಣುತ್ತಿತ್ತೋ ಎಂದು ನಾನು ಸಂಜೆಯವರೆಗೂ ಯೋಚಿಸಿದೆ. ನನ್ನ ತವರೂರಿನ ಹೊರಗೆ ಸತ್ತ ದನ ಹಾಕುವ ಬಯಲಲ್ಲಿ, ನಾನು ಚಿಕ್ಕವಳಿದ್ದಾಗ ರಣಹದ್ದುಗಳು ಮುದುಕರ ಪಂಚಾಯ್ತಿಯ ಹಾಗೆ ಸುತ್ತ ಕೂಡುತ್ತಿದ್ದವು. ದನದ ನೋವಿಗೆ ಕೊಡುವ ಒಂದು ಸೂಜಿ, ಸತ್ತ ದನದ ಮಾಂಸದಲ್ಲಿ ಉಳಿದು, ಅದನ್ನು ತಿಂದ ಹದ್ದುಗಳನ್ನು ಕೊಂದಿತಂತೆ. ಈಗ ಆ ಸೂಜಿಯನ್ನು ದನಕ್ಕೆ ಕೊಡಬಾರದೆಂದು ಮಾಡಿದ್ದಾರೆ. ಆದರೆ ಕಣ್ಣು ಮುಚ್ಚಿದಾಗ ಮಾತ್ರ ನನಗೆ ಆ ಬಯಲಿನ ಮೇಲೆ ಅವು ಕಾಣುತ್ತವೆ, ರೆಕ್ಕೆ ಅಲುಗಿಸದೆ, ಬಹಳ ಎತ್ತರದಲ್ಲಿ.

ಹತ್ತು ಹನ್ನೆರಡು ವರ್ಷಗಳ ಮೇಲೆ ಮಾವನವರಿಗೆ ಹೊಟ್ಟೆಯ ಬೇನೆ ಬಂತು. ರಕ್ತವನ್ನೂ ವಾಂತಿ ಮಾಡಿಕೊಂಡರು. ಧಾರವಾಡಕ್ಕೆ ಒಯ್ದೆವು. ಅಲ್ಲಿಯ ಡಾಕ್ಟರರು ಮಂಚದ ಹತ್ತಿರ ನಿಂತು, "ಇಲ್ಲಿಗೆ ಬರೂಕಿಂತ ಮೊದಲ ಏನೇನು ಔಷಧಾ ತಗೊಂಡೀರಿ? ಒಂದೂ ಬಿಡಬ್ಯಾಡ್ರಿ" ಎಂದರು. ಮಾವನವರು ಎಂದಿನಂತೆ ಗೋಡೆಯ ಕಡೆ ಮುಖ ತಿರುಗಿಸಿದರು. ಅತ್ತೆ ಕಣ್ಣೀರು ಒರೆಸಿಕೊಂಡು, "ಅವರು ಹೇಳೂದಿಲ್ರಿ. ಆಸ್ತಿ ಎಲ್ಲೈತಿ ಅಂತ ಕೇಳ್ರಿ, ಹೇಳತಾರ, ಇದನ್ನ ಹೇಳೂದಿಲ್ಲ" ಎಂದರು. ನಿಮ್ಮಜ್ಜ ತಂದೆಯ ಕಾಲು ಒತ್ತುತ್ತ ತಲೆ ತಗ್ಗಿಸಿದರು.

ಮಾವನವರು ಗೋಡೆಯ ಕಡೆ ಮುಖ ಮಾಡಿಯೇ ಕೈ ಎತ್ತಿ, ಮಂಚದ ಕಾಲಿನ ಹತ್ತಿರ ನಿಂತ ನನ್ನ ಕಡೆ ತೋರಿಸಿದರು. "ನಮ್ಮ ಸೊಸಿನ ಕೇಳ್ರಿ. ಅಕಿ ಮುಚ್ಚಿಡೂದಿಲ್ಲ."

ಬೈದದ್ದೋ ಹೊಗಳಿದ್ದೋ ಇಂದಿಗೂ ಗೊತ್ತಿಲ್ಲ. ಸೆರಗು ಎಳೆದುಕೊಂಡು, ನೆಲ ನೋಡುತ್ತ, ಕಸ ಗುಡಿಸುವಾಗ, ಹಾಸಿಗೆ ಮಡಚುವಾಗ ಕಣ್ಣಿಗೆ ಬಿದ್ದದ್ದನ್ನೆಲ್ಲ ಹೇಳಿದೆ. ಮೊಣಕಾಲು ನೋವಿಗೆ ದಿನಾ ಎರಡು ಗುಳಿಗೆ, ಖಾಲಿ ಹೊಟ್ಟೆಯಲ್ಲಿ, ವರ್ಷದಿಂದ. ನಡುವೆ ಯಾರೋ ಕೊಟ್ಟ ಕರಿ ಪುಡಿ, ಜೇನಿನಲ್ಲಿ. ಹೋದ ವಾರ ಫಕೀರಪ್ಪನಿಂದ ಒಂದು ಸೂಜಿ. ಗೋಡೆಯ ಕಡೆ ಇದ್ದ ತಲೆ ಒಂದೊಂದಕ್ಕೂ ಹೌದು ಎಂದು ಅಲುಗುತ್ತಿತ್ತು. ಡಾಕ್ಟರರು ಬರೆದುಕೊಳ್ಳುತ್ತಿದ್ದರು.

"ಇಷ್ಟೇನಾ?" ಎಂದರು.

"ಇಷ್ಟ ರೀ" ಎಂದೆ.

ಡಾಕ್ಟರರು ಹಾಳೆ ಮಡಚಿದರು. ಮಾವನವರು ನಿಧಾನವಾಗಿ ಹೊರಳಿ ನಮ್ಮ ಕಡೆ ಮುಖ ಮಾಡಿದರು.

"ಇನ್ನೊಂದ ಐತ್ರಿ" ಎಂದರು. "ಅದು ಅಕಿಗೂ ಗೊತ್ತಿಲ್ಲ. ಎಮ್ಮಿಗೆ ಹಸಿವಾಗಲಂತ ಕೊಡತಾರಲ್ರಿ, ಆ ಪುಡಿ. ದಿನಾ ಒಂದ ಚಿಮಟಿ."